ಮಳೆಯ ಲೆಕ್ಕವನ್ನು ಮಕ್ಕಳ ಕೈಗೆ ಕೊಡಿ

(ಮೂಡಿಗೆರೆಯಲ್ಲಿ ಶಿಕ್ಷಕರು ಮತ್ತು ಶಾಲಾಭಿವೃದ್ಧಿ ಸಮಿತಿ ಸದಸ್ಯರ ಮುಂದೆ ಆಡಿದ ಮಾತುಗಳ ಬರಹ ರೂಪ. ಕೊನೆಗೆ ಬಂದ ಪ್ರಶ್ನೆಗಳಲ್ಲಿ ಎರಡನ್ನು ಇಲ್ಲಿ ಸೇರಿಸಿದ್ದೇನೆ.)

ಶಿಕ್ಷಕ ಮಿತ್ರರೇ, ಪೋಷಕರೇ,

ಅಕ್ಟೋಬರ್ 13ನ್ನು ವಿಶ್ವಸಂಸ್ಥೆ ವಿಪತ್ತಿನ ಅಪಾಯ ತಗ್ಗಿಸುವ ದಿನವೆಂದು ಗುರುತಿಸಿದೆ. ನಮ್ಮಲ್ಲಿ ಅದು ಎಷ್ಟೋ ವರ್ಷ ದಸರಾ ರಜೆಯಲ್ಲೇ ಕಳೆದುಹೋಗುತ್ತದೆ. ಶಾಲೆ ನಡೆಯುತ್ತಿದ್ದರೆ ಒಂದು ಜಾಥಾ ಹೊರಡುತ್ತದೆ. ಮಕ್ಕಳ ಕೈಯಲ್ಲಿ ಫಲಕ, ಮುಂದೆ ಬ್ಯಾನರ್, ಪಕ್ಕದಲ್ಲಿ ಫೋಟೊ ತೆಗೆಯಲು ಒಬ್ಬರು. ಪೇಟೆಯ ಅಂಗಡಿಯವರು ಒಮ್ಮೆ ತಲೆಯೆತ್ತಿ ನೋಡಿ ಮತ್ತೆ ತಕ್ಕಡಿಯ ಕಡೆ ತಿರುಗುತ್ತಾರೆ. ಫೋಟೊ ಇಲಾಖೆಯ ವಾಟ್ಸ್‌ಆ್ಯಪ್ ಗುಂಪಿಗೆ ಹೋಗುತ್ತದೆ, ಅಲ್ಲಿಗೆ ಕಾರ್ಯಕ್ರಮ ಮುಗಿಯಿತು. ಮುಂಗಾರು ಆ ಹೊತ್ತಿಗೆ ಊರು ಬಿಟ್ಟಿರುತ್ತದೆ.

ನಮ್ಮ ಸೀಮೆಯ ಮಳೆಗಳಿಗೆ ನಕ್ಷತ್ರದ ಹೆಸರಿದೆ. ಆ ಪಂಚಾಂಗವನ್ನೇ ಹಿಡಿದು ನೋಡೋಣ. ಜುಲೈ ಮೊದಲ ವಾರ ಪುನರ್ವಸು ಹುಟ್ಟುತ್ತದೆ, 20ರ ಸುಮಾರಿಗೆ ಪುಷ್ಯ, ಆಗಸ್ಟ್ ಆರಂಭಕ್ಕೆ ಆಶ್ಲೇಷ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಹೆದ್ದಾರಿಯ ಮೇಲೆ ಬಿದ್ದದ್ದು ಪುನರ್ವಸುವಿನಲ್ಲಿ. ಅದಾದ ಹತ್ತು ದಿನಕ್ಕೆ ಸಕಲೇಶಪುರದ ಆಚೆ, ಎಡಕುಮೇರಿ ಮತ್ತು ಕಡಗರವಳ್ಳಿ ನಡುವೆ ರೈಲು ಹಳಿಯ ಬುಡದ ಮಣ್ಣು ಜಾರಿ ಬೆಂಗಳೂರು–ಮಂಗಳೂರು ರೈಲು ನಿಂತಿತು. ಜುಲೈ 30ರ ನಸುಕಿನಲ್ಲಿ ವಯನಾಡಿನ ಮುಂಡಕ್ಕೈ, ಚೂರಲ್‌ಮಲೆ ಕೊಚ್ಚಿಹೋದವು. ಇವೆರಡೂ ಪುಷ್ಯದಲ್ಲಿ. 2019ರ ಆಗಸ್ಟ್ ಎರಡನೆಯ ವಾರ, ಆಶ್ಲೇಷದ ಮಳೆಗೆ, ಆಗಿನ ಮೂಡಿಗೆರೆ ತಾಲ್ಲೂಕಿನ ಮಲೆಮನೆ, ಆಲೇಖಾನ್ ಹೊರಟ್ಟಿ, ಚನ್ನಡ್ಲುಗಳಲ್ಲಿ ಗುಡ್ಡ ಕುಸಿದು ಏನಾಯಿತು ಎಂಬುದನ್ನು ಈ ಸಭೆಗೆ ನಾನು ವಿವರಿಸಬೇಕಾಗಿಲ್ಲ. ಮನೆ ಕಳೆದುಕೊಂಡವರ ಮಕ್ಕಳು ನಿಮ್ಮ ತರಗತಿಗಳಲ್ಲೇ ಕುಳಿತು ಓದಿದ್ದಾರೆ.

ಶಾಲೆ ತೆರೆಯುವುದು ಮೇ ಕೊನೆಗೆ. ಪುನರ್ವಸು ಹುಟ್ಟಲು ಅಲ್ಲಿಂದ ಐದಾರು ವಾರ. ನಾನು ಇಂದು ಹೇಳುವುದೆಲ್ಲವೂ ಆ ಐದಾರು ವಾರಗಳಲ್ಲಿ ಆಗಬೇಕಾದ ಕೆಲಸ.

ನನ್ನ ವಾದ ಇಷ್ಟೇ. ಮಕ್ಕಳ ಮೂಲಕ ಊರಿಗೆ ತಿಳಿವಳಿಕೆ ಹೇಳಿಸಬೇಕು ಎಂದು ಎಲ್ಲರೂ ಹೇಳುತ್ತಾರೆ. ಆದರೆ ನಾವು ಬರೆದುಕೊಟ್ಟ ಘೋಷಣೆಯನ್ನು ಮಕ್ಕಳು ಕೂಗಿದರೆ ಊರು ಅದನ್ನು ಕೇಳಿಸಿಕೊಳ್ಳುವುದಿಲ್ಲ. ತಾನೇ ಅಳೆದದ್ದನ್ನು, ತಾನೇ ಕಂಡದ್ದನ್ನು, ತಾನೇ ಪುಸ್ತಕದಲ್ಲಿ ಬರೆದಿಟ್ಟದ್ದನ್ನು ಒಂದು ಮಗು ಹೇಳಿದರೆ ಹಟಮಾರಿ ಅಜ್ಜನೂ ಕನ್ನಡಕ ಹುಡುಕುತ್ತಾನೆ.

ಮೊದಲು ಮಳೆಯನ್ನೇ ತೆಗೆದುಕೊಳ್ಳಿ. ಎರಡು ಲೀಟರಿನ ಪ್ಲಾಸ್ಟಿಕ್ ಬಾಟಲಿಯ ಕುತ್ತಿಗೆ ಕತ್ತರಿಸಿ, ಅದನ್ನೇ ತಲೆಕೆಳಗಾಗಿ ಆಲಿಕೆಯಂತೆ ಬಾಯಿಗೆ ಕೂರಿಸಬೇಕು. ಬಾಟಲಿಯ ತಳ ಉಬ್ಬುತಗ್ಗಾಗಿರುತ್ತದೆ. ಆದ್ದರಿಂದ ನೇರ ಗೋಡೆ ಶುರುವಾಗುವವರೆಗೆ ಜಲ್ಲಿ ಮತ್ತು ನೀರು ತುಂಬಿ, ಆ ನೀರಿನ ಮಟ್ಟಕ್ಕೆ ಸೊನ್ನೆ ಗುರುತು ಹಾಕಿ, ಮೇಲಕ್ಕೆ ಸ್ಕೇಲ್ ಅಂಟಿಸಬೇಕು. ಮರದ ಕೆಳಗಾಗಲಿ ಸೂರಂಚಿನ ಬಳಿಯಾಗಲಿ ಇಡಬಾರದು. ಹವಾಮಾನ ಇಲಾಖೆಯ ದಿನ ಬೆಳಿಗ್ಗೆ ಎಂಟೂವರೆಗೆ ಶುರುವಾಗುತ್ತದೆ. ಮಕ್ಕಳೂ ಅದೇ ಹೊತ್ತಿಗೆ ಓದಿ ಬರೆದರೆ ಎರಡು ಲೆಕ್ಕಗಳನ್ನು ಹೋಲಿಸಬಹುದು. ಆಶ್ಲೇಷದ ಜಡಿಮಳೆಗೆ ಬಾಟಲಿ ತುಂಬಿ ಹರಿಯುವುದೂ ಉಂಟು. ಅಂಥ ದಿನಗಳಲ್ಲಿ ಸಂಜೆ ಒಮ್ಮೆ ಓದಿ, ಚೆಲ್ಲಿ, ಮರುದಿನ ಬೆಳಿಗ್ಗೆಯ ಲೆಕ್ಕಕ್ಕೆ ಕೂಡಿಸಬೇಕು. ಒಂದು ತರಗತಿಯಲ್ಲಿ ಮೂವತ್ತು ಮಕ್ಕಳಿದ್ದು ಹತ್ತು ಊರುಗಳಿಂದ ಬರುತ್ತಿದ್ದರೆ, ಒಂದು ರೂಪಾಯಿ ಖರ್ಚಿಲ್ಲದೆ ಹತ್ತು ಊರುಗಳ ಮಳೆ ನಿಮ್ಮ ಕಪ್ಪುಹಲಗೆಯ ಮೇಲೆ ಬರುತ್ತದೆ.

ಇದರಿಂದ ಏನು ಉಪಯೋಗ ಎಂದು ಕೇಳುವವರಿದ್ದಾರೆ. ಮುನ್ನೆಚ್ಚರಿಕೆ ಬರುವುದು ಸಾಮಾನ್ಯವಾಗಿ ಇಡೀ ಜಿಲ್ಲೆಗೆ. ನಮ್ಮ ಜಿಲ್ಲೆಯೋ, ವರ್ಷಕ್ಕೆ 600 ಮಿಲಿಮೀಟರ್ ಆಸುಪಾಸು ಮಳೆ ಬೀಳುವ ಕಡೂರನ್ನೂ ಅದರ ಐದಾರು ಪಟ್ಟು ಬೀಳುವ ಶೃಂಗೇರಿಯನ್ನೂ ಒಂದೇ ನಕ್ಷೆಯಲ್ಲಿ ಇಟ್ಟುಕೊಂಡಿದೆ. ‘ಚಿಕ್ಕಮಗಳೂರಿಗೆ ಆರೆಂಜ್ ಅಲರ್ಟ್’ ಎಂದು ಟಿವಿಯಲ್ಲಿ ಬಂದಾಗ ಅಜ್ಜಂಪುರದವರು ಬಟ್ಟೆ ಒಣಗಿಸುತ್ತಿರುತ್ತಾರೆ, ಕಳಸದವರು ಹೆಬ್ಬಾಳೆ ಸೇತುವೆ ಮುಳುಗಿತೇ ಎಂದು ನೋಡಲು ಹೋಗಿರುತ್ತಾರೆ. ಎರಡು ಸಲ ಎಚ್ಚರಿಕೆ ಹುಸಿಯಾದರೆ ಮೂರನೆಯದನ್ನು ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ.

ಕಾಫಿ ತೋಟಗಳಲ್ಲಿ ಮಳೆಯನ್ನು ಇಂಚು ಮತ್ತು ಸೆಂಟಿನಲ್ಲಿ (ಇಂಚಿನ ನೂರನೆಯ ಒಂದು ಭಾಗ) ಬರೆದಿಡುವ ರೂಢಿ ತಲೆಮಾರುಗಳಿಂದ ಇದೆ. ಕಾಫಿಯ ಹೂ ಅರಳಿಸುವ ಹೂಮಳೆ ಎಷ್ಟು ಸೆಂಟು ಬಿತ್ತು ಎಂಬುದರ ಮೇಲೆ ಆ ವರ್ಷದ ಫಸಲಿನ ಅಂದಾಜು ನಿಂತಿರುವುದರಿಂದ ಹಳೆಯ ಡೈರಿಗಳನ್ನು ಜೋಪಾನವಾಗಿ ಇಟ್ಟಿರುತ್ತಾರೆ. ಅವನ್ನು ಮಕ್ಕಳು ತೋಟದ ಲೆಕ್ಕ ಬರೆಯುವ ರೈಟರ ಬಳಿ ಕೇಳಿ ಪಡೆಯಲಿ. ಅಲರ್ಟಿನ ಬಣ್ಣಗಳನ್ನೂ ಅದೇ ಅಳತೆಗೆ ಇಳಿಸಲಿ. ಒಂದು ದಿನಕ್ಕೆ 64.5 ಮಿಲಿಮೀಟರ್ ದಾಟಿದರೆ ಭಾರೀ ಮಳೆ, ಅಂದರೆ ಎರಡೂವರೆ ಇಂಚು. ಸಾಮಾನ್ಯವಾಗಿ ಅದು ಹಳದಿ. 115.6 ದಾಟಿದರೆ ಅತಿ ಭಾರೀ, ನಾಲ್ಕೂವರೆ ಇಂಚು, ಕಿತ್ತಳೆ. 204.4 ದಾಟಿದರೆ ಎಂಟು ಇಂಚಿನ ಮೇಲೆ, ಕೆಂಪು. ಬಣ್ಣ ಕೇಳಿ ಸುಮ್ಮನಿರುವ ತೋಟದ ಮನುಷ್ಯ ‘ಎಂಟು ಇಂಚು’ ಎಂದ ತಕ್ಷಣ ಎದ್ದು ಕೂರುತ್ತಾನೆ. ಈ ಪರಿವರ್ತನೆಯನ್ನು ಏಳನೆಯ ತರಗತಿಯ ಹುಡುಗಿ ಮಾಡಿ ಅಡುಗೆಮನೆಯ ಬಾಗಿಲಿಗೆ ಅಂಟಿಸಬಹುದು.

ಒಂದು ದಿನದ ಮಳೆಗಿಂತ ಮೂರು ದಿನಗಳ ಮೊತ್ತ ಮುಖ್ಯ. ಮಣ್ಣು ನೀರು ಕುಡಿದು ತುಂಬಿಕೊಂಡ ಮೇಲೆ ಕಣಗಳ ನಡುವೆ ಒತ್ತಡ ಏರುತ್ತದೆ, ಮಣ್ಣಿಗೂ ಕೆಳಗಿನ ಬಂಡೆಗೂ ಇರುವ ಹಿಡಿತ ಸಡಿಲವಾಗುತ್ತದೆ. ಆಗ ಬೀಳುವ ಸಾಧಾರಣ ಮಳೆಯೂ ಸಾಕಾಗಬಹುದು. ಇಷ್ಟು ಇಂಚು ದಾಟಿದರೆ ಗುಡ್ಡ ಬಿದ್ದೇ ಬೀಳುತ್ತದೆ ಎಂಬ ಒಂದೇ ಸಂಖ್ಯೆ ಎಲ್ಲ ಊರುಗಳಿಗೂ ಹೊಂದುವುದಿಲ್ಲ. ತಮ್ಮ ಊರಿನ ನಾಲ್ಕೈದು ವರ್ಷಗಳ ಲೆಕ್ಕ ಕೈಯಲ್ಲಿದ್ದರೆ ‘ಇದು ಎಂದಿನ ಮಳೆಯಲ್ಲ’ ಎಂದು ಹೇಳುವ ಆಧಾರವಾದರೂ ಇರುತ್ತದೆ. ವಯನಾಡಿನಲ್ಲಿ ಕಲ್ಪೆಟ್ಟದ ಹ್ಯೂಮ್ ಸೆಂಟರ್ ಎಂಬ ಸಂಸ್ಥೆ ಇನ್ನೂರಕ್ಕೂ ಹೆಚ್ಚು ಮಳೆಮಾಪಕಗಳ ಜಾಲ ನಡೆಸುತ್ತದೆ. ಆ ಲೆಕ್ಕವನ್ನು ನೋಡಿಯೇ ಅವರು ದುರಂತದ ಹಿಂದಿನ ದಿನ ಅಪಾಯವಿದೆ ಎಂದು ತಿಳಿಸಿದ್ದರು. ಆದರೂ ಇನ್ನೂರೈವತ್ತಕ್ಕೂ ಹೆಚ್ಚು ಜನ ಸತ್ತರು. ಲೆಕ್ಕ ಸರಿಯಿತ್ತು, ಲೆಕ್ಕದಿಂದ ಕೊನೆಯ ಮನೆಯ ಹಾಸಿಗೆಯವರೆಗಿನ ದಾರಿ ತುಂಡಾಗಿತ್ತು. ಮಕ್ಕಳ ಕೆಲಸ ಇರುವುದು ಆ ದಾರಿಯಲ್ಲಿ.

ಸರ್ಕಾರಿ ಲೆಕ್ಕವೂ ಇದೆ, ಅದನ್ನು ಬಿಡಬೇಡಿ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಸ್ವಯಂಚಾಲಿತ ಮಳೆಮಾಪಕಗಳನ್ನು ಇಟ್ಟಿದೆ. ಅವರ ವರುಣಮಿತ್ರ ಸಹಾಯವಾಣಿ 92454 33433. ತರಗತಿಯ ಮುಂದೆ ಸ್ಪೀಕರ್ ಹಾಕಿ ಒಮ್ಮೆ ಕರೆ ಮಾಡಿಸಿ. ಸರ್ಕಾರಕ್ಕೆ ಫೋನ್ ಮಾಡಿ ಪ್ರಶ್ನೆ ಕೇಳಬಹುದು ಎಂಬುದು ಮಗುವಿಗೆ ತಿಳಿಯುವುದೇ ಒಂದು ಪಾಠ.

ಎರಡನೆಯ ಕೆಲಸ ನಕ್ಷೆ. ಮನೆಯಿಂದ ಶಾಲೆಗೆ ಬರುವ ದಾರಿಯನ್ನು ಪ್ರತಿಯೊಬ್ಬರೂ ಬರೆಯಲಿ. ಧರೆ, ಅಂದರೆ ಕಡಿದಾದ ಮಣ್ಣಿನ ಗೋಡೆ, ಎಲ್ಲಿದೆ, ಹಳ್ಳ ದಾಟುವ ಕಾಲುಸಂಕ ಎಲ್ಲಿದೆ, ಮೋರಿ ಎಲ್ಲಿ ಕಟ್ಟಿಕೊಂಡಿದೆ, ಯಾವ ಕರೆಂಟ್ ಕಂಬ ವಾಲಿದೆ, ಮನೆಯ ಹಿಂದೆ ಜೆಸಿಬಿಯಲ್ಲಿ ಎಷ್ಟು ಎತ್ತರದ ಧರೆ ಕಡಿದಿದ್ದಾರೆ. ಇದನ್ನು ಜೂನ್ ಮೊದಲ ವಾರ, ಮಳೆ ಹಿಡಿಯುವ ಮುನ್ನ, ದೊಡ್ಡವರ ಜೊತೆಯಲ್ಲಿ ಮಾಡಬೇಕು. ಮಳೆ ಜೋರಾದ ಮೇಲೆ ಯಾವ ಮಗುವನ್ನೂ ಧರೆಯ ಬುಡಕ್ಕಾಗಲಿ ಹಳ್ಳದ ದಡಕ್ಕಾಗಲಿ ‘ವೀಕ್ಷಣೆ’ಗೆ ಕಳುಹಿಸಬಾರದು. ಉತ್ಸಾಹದ ಮೇಷ್ಟ್ರುಗಳಿಗೆ ಇದನ್ನು ಒತ್ತಿ ಹೇಳುತ್ತಿದ್ದೇನೆ. ಮಲೆನಾಡಿನಲ್ಲಿ ಕಾಲುಸಂಕ ದಾಟುವಾಗ ಕೊಚ್ಚಿಹೋದ ಮಕ್ಕಳ ಸುದ್ದಿಯನ್ನು ನಾವು ಸಾಕಷ್ಟು ಓದಿದ್ದೇವೆ.

ಗುಡ್ಡ ಜರಿಯುವ ಮುನ್ನ ಹಲವು ಸಲ ಸುಳಿವು ಕೊಡುತ್ತದೆ. ನೆಲದಲ್ಲಿ ಹೊಸ ಬಿರುಕು, ಇದ್ದ ಬಿರುಕು ಅಗಲವಾಗುವುದು, ನೆಟ್ಟಗಿದ್ದ ಮರ ಓರೆಯಾಗುವುದು, ನಿನ್ನೆಯವರೆಗೆ ಸಲೀಸಾಗಿದ್ದ ಬಾಗಿಲು ಚೌಕಟ್ಟಿಗೆ ಕಚ್ಚಿಕೊಳ್ಳುವುದು, ಇಲ್ಲದ ಕಡೆ ಒರತೆ ಏಳುವುದು, ತಿಳಿ ನೀರಿನ ಒರತೆ ಕೆಂಪಾಗುವುದು. ಎಲ್ಲಕ್ಕಿಂತ ಕೆಟ್ಟದ್ದು, ಮಳೆ ಸುರಿಯುತ್ತಿರುವಾಗಲೇ ಹಳ್ಳದ ನೀರು ತಟ್ಟನೆ ತಗ್ಗುವುದು. ಮೇಲೆಲ್ಲೋ ಮಣ್ಣು ಮರ ಬಿದ್ದು ನೀರು ಕಟ್ಟಿಕೊಂಡಿದೆ ಎಂದರ್ಥ. ಒಡೆದರೆ ಎಲ್ಲವೂ ಒಟ್ಟಿಗೆ ಬರುತ್ತದೆ. ನೀರು ಇಳಿಯಿತು ಎಂದು ಜನ ಸಮಾಧಾನಪಡುವ ಹೊತ್ತು ಅದೇ ಆಗಿರುವುದರಿಂದ ಈ ಒಂದು ಸುಳಿವನ್ನು ಮಕ್ಕಳಿಗೆ ಬಾಯಿಪಾಠ ಮಾಡಿಸಿದರೂ ತಪ್ಪಿಲ್ಲ.

ಇಲ್ಲಿ ಒಂದು ಸೂಕ್ಷ್ಮವಿದೆ. ಮನೆ ಕಟ್ಟಲು ಜಾಗ ಸಾಲದೆ ಧರೆ ಕಡಿಸಿದವನು ಅಪ್ಪ. ಸಾಲ ಮಾಡಿ ಕಡಿಸಿದ್ದಾನೆ. ಹದಿಮೂರು ವರ್ಷದ ಮಗ ಬಂದು ‘ನೀನು ಮಾಡಿದ್ದು ತಪ್ಪು, ನಮ್ಮ ಮೇಷ್ಟ್ರು ಹೇಳಿದ್ದಾರೆ’ ಎಂದರೆ ಬೈಗುಳ ಬೀಳುವುದು ಮಗನಿಗೆ ಮಾತ್ರವಲ್ಲ, ಮೇಷ್ಟ್ರಿಗೂ. ಆದ್ದರಿಂದ ಮಕ್ಕಳಿಗೆ ಹೇಳಲು ಕಲಿಸುವ ಮುನ್ನ ಕೇಳಲು ಕಲಿಸಿ. ‘ಅಪ್ಪಯ್ಯ, ಈ ಬಿರುಕು ಹೋದ ವರ್ಷವೂ ಇತ್ತೇ?’ ‘ಅಜ್ಜಿ, ಈ ಹಳ್ಳ ಮೊದಲು ಎಲ್ಲಿ ಹರಿಯುತ್ತಿತ್ತು?’ ಬಿರುಕಿನ ಎರಡೂ ಬದಿಗೆ ಒಂದೊಂದು ಗೂಟ ನೆಟ್ಟು, ನಡುವಿನ ಅಂತರವನ್ನು ಅಪ್ಪನಿಂದಲೇ ಅಳೆಸಿ ಮಗ ಬರೆದುಕೊಳ್ಳಲಿ. ಮೂರನೆಯ ವಾರ ಅಂತರ ಹೆಚ್ಚಿದ್ದರೆ ಮಗ ಏನೂ ಹೇಳಬೇಕಾಗಿಲ್ಲ. ಧರೆಯನ್ನು ಮತ್ತೆ ತುಂಬಲಾಗದು, ಸರಿ. ಮೇಲಿನಿಂದ ಬರುವ ನೀರನ್ನು ಚರಂಡಿ ಮಾಡಿ ಬೇರೆ ಕಡೆ ತಿರುಗಿಸಬಹುದು, ಜೋರು ಮಳೆಯ ರಾತ್ರಿ ಧರೆಯ ಪಕ್ಕದ ಕೋಣೆಯಲ್ಲಿ ಮಲಗದಿರಬಹುದು. ಅಷ್ಟಕ್ಕೆ ಅಪ್ಪ ಒಪ್ಪಿದರೆ ಆ ವರ್ಷದ ಪಾಠ ಫಲಿಸಿತು.

ಅಜ್ಜಿಯರ ನೆನಪನ್ನು ಹಗುರವಾಗಿ ಕಾಣಬೇಡಿ. ಇಂಡೊನೇಷ್ಯಾದ ಸಿಮೆಲು ದ್ವೀಪದಲ್ಲಿ 1907ರಲ್ಲಿ ಸುನಾಮಿ ಬಂದಿತ್ತು. ಭೂಮಿ ನಡುಗಿ ಸಮುದ್ರ ಹಿಂದೆ ಸರಿದರೆ ಗುಡ್ಡಕ್ಕೆ ಓಡಿ ಎಂಬ ಮಾತು ಅಲ್ಲಿ ಕಥೆಯಾಗಿ ಮಕ್ಕಳಿಗೆ ದಾಟಿಕೊಂಡು ಬಂತು. 2004ರ ಸುನಾಮಿಯಲ್ಲಿ, ಸುಮಾರು 78,000 ಜನರಿದ್ದ ಆ ದ್ವೀಪದಲ್ಲಿ ಸತ್ತವರು ಏಳು ಮಂದಿ.

ಈಗ ಜಪಾನಿನ ಒಂದು ಊರಿನ ವಿಷಯ. ಕಮೈಶಿ ಎಂಬ ಕರಾವಳಿ ಪಟ್ಟಣಕ್ಕೆ ಗುನ್ಮಾ ವಿಶ್ವವಿದ್ಯಾಲಯದ ತೊಶಿತಾಕ ಕತಾದ ಎಂಬ ಪ್ರಾಧ್ಯಾಪಕರು ಸುನಾಮಿ ಸಿದ್ಧತೆಯ ಬಗ್ಗೆ ಹೇಳಲು ಹೋಗುತ್ತಿದ್ದರು. ದೊಡ್ಡವರಿಗೆ ಭಾಷಣ ಮಾಡಿ ನೋಡಿದರು. ಬರುವವರು ಅದೇ ನಾಲ್ಕು ಆಸಕ್ತರು. ನಮ್ಮ ಸಭೆಗಳ ಕಥೆಯೇ. ಆಮೇಲೆ ಅವರು ಶಾಲೆಗಳಿಗೆ ತಿರುಗಿದರು. ಮಕ್ಕಳೇ ದಾರಿ ನಡೆದು ತಮ್ಮ ನಕ್ಷೆ ಬರೆದರು. ಸರ್ಕಾರದ ಅಪಾಯ ನಕ್ಷೆಯನ್ನು ಪೂರ್ತಿ ನಂಬಬೇಡಿ ಎಂದೂ ಅವರು ಮಕ್ಕಳಿಗೆ ಹೇಳಿಕೊಟ್ಟರು. 2011ರ ಮಾರ್ಚ್ 11ರಂದು ಭೂಮಿ ನಡುಗಿದಾಗ ಅಲ್ಲಿನ ಉನೊಸುಮೈ ಭಾಗದ ಪ್ರೌಢಶಾಲೆಯ ಮಕ್ಕಳು ಅಪ್ಪಣೆಗೆ ಕಾಯದೆ ಓಡತೊಡಗಿದರು. ನಕ್ಷೆಯ ಪ್ರಕಾರ ಅವರ ಶಾಲೆಗೆ ಅಲೆ ಬರುವಂತಿರಲಿಲ್ಲ. ಪಕ್ಕದ ಪ್ರಾಥಮಿಕ ಶಾಲೆಯ ಮಕ್ಕಳು ಮಹಡಿಗೆ ಹತ್ತಿದ್ದವರು ಇವರನ್ನು ಕಂಡು ಇಳಿದು ಹಿಂಬಾಲಿಸಿದರು. ದೊಡ್ಡವರು ಚಿಕ್ಕವರ ಕೈ ಹಿಡಿದುಕೊಂಡರು. ಮೊದಲೇ ಗೊತ್ತು ಮಾಡಿದ್ದ ಜಾಗ ತಲುಪಿದ ಮೇಲೆ ಅದರ ಹಿಂದಿನ ಬಂಡೆ ಸಡಿಲವಾಗಿರುವುದು ಕಂಡು ಇನ್ನೂ ಮೇಲಕ್ಕೆ ಹೋದರು. ಅವರು ಬಿಟ್ಟುಬಂದ ಜಾಗಕ್ಕೆ ನೀರು ಬಂತು. ಆ ಪಟ್ಟಣದಲ್ಲಿ ಸಾವಿರಕ್ಕೂ ಹೆಚ್ಚು ಜನ ಸತ್ತರು ಅಥವಾ ಕಾಣೆಯಾದರು. ಸುಮಾರು ಮೂರು ಸಾವಿರ ಶಾಲಾ ಮಕ್ಕಳಲ್ಲಿ ಐವರನ್ನು ಬಿಟ್ಟು ಎಲ್ಲರೂ ಉಳಿದರು.

ಇದನ್ನು ಪವಾಡ ಎಂದು ಪತ್ರಿಕೆಗಳು ಕರೆದವು. ನನಗೆ ಹಿಡಿಸುವುದು ಕತಾದ ಅವರು ಮಕ್ಕಳಿಗೆ ಕೊಟ್ಟ ಒಂದು ಮನೆಗೆಲಸ. ‘ನಾನು ಖಂಡಿತ ಓಡಿಹೋಗುತ್ತೇನೆ, ನನ್ನನ್ನು ಹುಡುಕಿಕೊಂಡು ಬರಬೇಡಿ, ನೀವೂ ಓಡಿ’ ಎಂದು ಮನೆಯಲ್ಲಿ ತಂದೆತಾಯಿಗೆ ಹೇಳಿ ಒಪ್ಪಿಸಬೇಕು. ತಾಯಿ ಸಾಯುವುದು ಎಷ್ಟೋ ಸಲ ಮಗುವನ್ನು ಕರೆತರಲು ಹೋಗಿ. ಮಗು ಊರಿಗೆ ಕಲಿಸಬಹುದಾದ ಮೊದಲ ಪಾಠ ತನ್ನ ಬಗೆಗಿನ ಭರವಸೆ. ನಮ್ಮಲ್ಲಿ ಶಾಲಾ ವ್ಯಾನು ಚಾರ್ಮಾಡಿ ರಸ್ತೆಯಲ್ಲಿ ಸಿಕ್ಕಿಕೊಂಡಿತೆಂದು ತಿಳಿದ ಕೂಡಲೇ ಬೈಕ್ ಏರಿ ಅದೇ ಕುಸಿತದ ಕಡೆಗೆ ಹೊರಡುವ ತಂದೆಯನ್ನು ಯೋಚಿಸಿ ನೋಡಿ.

ನಮ್ಮ ಪರಿಸ್ಥಿತಿಯಲ್ಲಿ ಒಂದು ವ್ಯತ್ಯಾಸವಿದೆ. ಮಳೆ ಜೋರಾದರೆ ಜಿಲ್ಲಾಧಿಕಾರಿ ರಜೆ ಕೊಡುತ್ತಾರೆ. ಅಂದರೆ ಅಪಾಯ ಹೆಚ್ಚಿರುವ ದಿನ ಶಾಲೆ ಇರುವುದೇ ಇಲ್ಲ. ವಯನಾಡಿನಲ್ಲಿ ಗುಡ್ಡ ಇಳಿದದ್ದು ಎಲ್ಲರೂ ಮಲಗಿದ್ದ ಹೊತ್ತಿನಲ್ಲಿ. ಗಂಟೆ ಹೊಡೆದು, ಸಾಲಾಗಿ ಮೈದಾನಕ್ಕೆ ಬಂದು, ಎಣಿಸಿ, ಚಪ್ಪಾಳೆ ತಟ್ಟುವ ಅಣಕು ಪ್ರದರ್ಶನ ಭೂಕಂಪಕ್ಕೆ, ಬೆಂಕಿಗೆ ಸರಿ. ಮಲೆನಾಡಿನ ಮಗುವಿಗೆ ಬೇಕಾದ ಅಭ್ಯಾಸ ರಾತ್ರಿಯದು, ಮನೆಯದು, ಕರೆಂಟ್ ಮತ್ತು ಮೊಬೈಲ್ ಸಿಗ್ನಲ್ ಎರಡೂ ಇಲ್ಲದ್ದು. ಟಾರ್ಚ್ ಎಲ್ಲಿದೆ, ಅಜ್ಜನ ಬಿಪಿ ಮಾತ್ರೆ ಎಲ್ಲಿದೆ, ಪಡಿತರ ಚೀಟಿ, ಆಧಾರ್, ಪಹಣಿ ಪ್ಲಾಸ್ಟಿಕ್ ಕವರಿನಲ್ಲಿ ಒಟ್ಟಿಗೆ ಇವೆಯೇ. ಅವಿಲ್ಲದೆ ಆಮೇಲೆ ಪರಿಹಾರದ ಕಡತ ಮುಂದೆ ಸಾಗುವುದು ಕಷ್ಟ. ಮನೆ ಬಿಡುವಾಗ ಕೊಟ್ಟಿಗೆಯ ದನಗಳ ಕಣ್ಣಿ ಬಿಚ್ಚುವವರು ಯಾರು? ದನ ಬಿಟ್ಟು ಬರಲಾರೆ ಎಂದು ಉಳಿಯುವವರು ನಮ್ಮಲ್ಲಿ ಇದ್ದೇ ಇದ್ದಾರೆ. ಆ ಹೊಣೆಯನ್ನು ಮೊದಲೇ ಒಬ್ಬರಿಗೆ ಹಂಚಿದ್ದರೆ ಬಾಗಿಲಲ್ಲಿ ನಿಂತು ವಾದ ಮಾಡುವ ಹತ್ತು ನಿಮಿಷ ಉಳಿಯುತ್ತದೆ. ಯಾರ ಮನೆಗೆ ಯಾರು ಹೋಗಿ ಬಾಗಿಲು ತಟ್ಟಬೇಕು ಎಂಬ ಸರಪಳಿಯನ್ನು ಮಕ್ಕಳು ಕಾಗದದ ಮೇಲೆ ಬರೆಯಲಿ, ತಟ್ಟುವವರು ದೊಡ್ಡವರಾಗಿರಲಿ. 112 ಮತ್ತು ಜಿಲ್ಲಾ ನಿಯಂತ್ರಣ ಕೊಠಡಿಯ 1077 ಗೋಡೆಯ ಮೇಲಿರಲಿ. ಸಿಗ್ನಲ್ ಎಲ್ಲಿ ಸಿಗುತ್ತದೆ ಎಂಬ ಜಾಗವೂ ನಕ್ಷೆಯಲ್ಲಿರಲಿ. ಅದನ್ನು ನಮಗಿಂತ ಮಕ್ಕಳೇ ಚೆನ್ನಾಗಿ ಬಲ್ಲರು.

ತೋಟದ ಕಾರ್ಮಿಕರಿರುವ ಲೈನ್ ಮನೆಗಳ ಬಗ್ಗೆ ಪ್ರತ್ಯೇಕವಾಗಿ ಹೇಳಬೇಕು. ಈಗ ಅಲ್ಲಿ ಅಸ್ಸಾಂ ಮುಂತಾದ ಕಡೆಯಿಂದ ಬಂದ ಕುಟುಂಬಗಳಿವೆ. ಪಂಚಾಯಿತಿಯ ಆಟೊ ಧ್ವನಿವರ್ಧಕದಲ್ಲಿ ಕೂಗಿದ ಕನ್ನಡ ಅವರಿಗೆ ಅರ್ಥವಾಗುವುದಿಲ್ಲ. ಈ ಗುಡ್ಡ ಹಿಂದೆ ಎಲ್ಲಿ ಜರಿದಿತ್ತು ಎಂದು ಹೇಳುವ ಅಜ್ಜಿ ಅವರ ಜೊತೆಯಲ್ಲಿಲ್ಲ. ಆ ಮನೆಗಳಲ್ಲಿ ಕನ್ನಡ ಓದಬಲ್ಲ ಒಬ್ಬೇ ಒಬ್ಬರು ನಿಮ್ಮ ಸರ್ಕಾರಿ ಶಾಲೆಗೆ ಬರುವ ಮಗು. ತರಗತಿಯಲ್ಲಿ ಹಿಂದಿನ ಬೆಂಚಿನಲ್ಲಿ ಮಾತಿಲ್ಲದೆ ಕೂರುವ ಆ ಮಗುವಿಗೆ ಈ ಕೆಲಸದಲ್ಲಿ ಮುಂದಿನ ಬೆಂಚು ಕೊಡಿ.

ಬಯಲು ಸೀಮೆಯಿಂದ ಬಂದ ಶಿಕ್ಷಕರೂ ಇಲ್ಲಿದ್ದೀರಿ. ಕಡೂರು, ಅರಸೀಕೆರೆಯ ಮಕ್ಕಳಿಗೆ ಧರೆ ಕುಸಿತದ ಪೋಸ್ಟರ್ ಬರೆಸುವುದು ವ್ಯರ್ಥ. ನಿಮ್ಮ ಕಡೆ ಏಪ್ರಿಲ್, ಮೇ ತಿಂಗಳ ಸಿಡಿಲು ಇದೆ, ಕುರಿ ಮೇಯಿಸಲು ಹೋದವರು ಒಂಟಿ ಮರದ ಕೆಳಗೆ ನಿಲ್ಲುವ ಅಭ್ಯಾಸ ಇದೆ. ಮಿಂಚು ಕಂಡು ಗುಡುಗು ಕೇಳುವವರೆಗೆ ಎಣಿಸಿ ಮೂರರಿಂದ ಭಾಗಿಸಿದರೆ ಸಿಡಿಲು ಎಷ್ಟು ಕಿಲೊಮೀಟರ್ ದೂರವಿದೆ ಎಂದು ತಿಳಿಯುತ್ತದೆ. ಮೂವತ್ತು ಎಣಿಸುವುದರೊಳಗೆ ಗುಡುಗು ಕೇಳಿದರೆ ಗಟ್ಟಿ ಕಟ್ಟಡದೊಳಗೆ ಹೋಗಬೇಕು, ಕೊನೆಯ ಗುಡುಗಿನ ನಂತರ ಅರ್ಧ ಗಂಟೆ ಹೊರಗೆ ಬರಬಾರದು. ಐದನೆಯ ತರಗತಿಯ ಭಾಗಾಕಾರ ಬಲ್ಲ ಮಗು ಇದನ್ನು ಹೊಲದಲ್ಲಿ ಅಪ್ಪನಿಗೆ ಮಾಡಿ ತೋರಿಸಬಹುದು.

ಇನ್ನು ಪ್ರಶ್ನೆಗಳು. ಪ್ರೌಢಶಾಲೆಯ ಶಿಕ್ಷಕಿಯೊಬ್ಬರು ಕೇಳಿದರು: ‘ಪಠ್ಯ ಮುಗಿಸುವುದೇ ಕಷ್ಟವಾಗಿರುವಾಗ ಇದಕ್ಕೆ ಅವಧಿ ಎಲ್ಲಿಂದ ತರುವುದು, ಸರ್?’ ಪಠ್ಯದ ಹೊರಗೆ ಇದಕ್ಕೆ ಅವಧಿ ಹುಡುಕಿದರೆ ಖಂಡಿತ ಸಿಗುವುದಿಲ್ಲ. ಮೂರು ದಿನದ ಮಳೆಯ ಸರಾಸರಿ ಗಣಿತದಲ್ಲಿದೆ, ನಕ್ಷೆ ಸಮಾಜ ವಿಜ್ಞಾನದಲ್ಲಿದೆ, ಪತ್ರಲೇಖನ ಕನ್ನಡದಲ್ಲಿದೆ. ಪ್ರವಾಸ ಹೋದ ಬಗ್ಗೆ ಗೆಳೆಯನಿಗೆ ಪತ್ರ ಬರೆಸುವ ಬದಲು ಕಟ್ಟಿಕೊಂಡ ಮೋರಿಯ ಬಗ್ಗೆ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗೆ ಬರೆಸಿ.

ಇನ್ನೊಬ್ಬರು, ಸಮಿತಿಯ ಸದಸ್ಯರು, ಕೇಳಿದ್ದು ಹೆಚ್ಚು ತೂಕದ ಪ್ರಶ್ನೆ: ‘ದೊಡ್ಡವರು ಮಾಡಬೇಕಾದ ಕೆಲಸವನ್ನು ಮಕ್ಕಳ ತಲೆಗೆ ಹೊರಿಸುತ್ತಿದ್ದೀರಿ ಅಲ್ಲವೇ?’ ಇದಕ್ಕೂ ಜಪಾನಿನಿಂದಲೇ ಉತ್ತರ ಕೊಡುತ್ತೇನೆ. ಅದೇ ಸುನಾಮಿಯಲ್ಲಿ ಇಷಿನೊಮಾಕಿಯ ಒಕಾವ ಪ್ರಾಥಮಿಕ ಶಾಲೆಯ ಮಕ್ಕಳನ್ನು ಶಿಕ್ಷಕರು ಸುಮಾರು ಐವತ್ತು ನಿಮಿಷ ಅಂಗಳದಲ್ಲಿ ನಿಲ್ಲಿಸಿಕೊಂಡಿದ್ದರು. ಹಿಂದೆಯೇ ಗುಡ್ಡವಿತ್ತು. 108 ಮಕ್ಕಳಲ್ಲಿ 74 ಮಕ್ಕಳು ಸತ್ತರು, ಹತ್ತು ಮಂದಿ ಶಿಕ್ಷಕ ಸಿಬ್ಬಂದಿಯೂ ಸತ್ತರು. ಪೋಷಕರು ನ್ಯಾಯಾಲಯಕ್ಕೆ ಹೋದರು. 2018ರಲ್ಲಿ ಸೆಂಡೈ ಉಚ್ಚ ನ್ಯಾಯಾಲಯ ಆ ದಿನದ ಗಡಿಬಿಡಿಗಿಂತ ಹಿಂದಕ್ಕೆ ಹೋಗಿ, ಮೊದಲೇ ಸರಿಯಾದ ಸಿದ್ಧತೆ ಮಾಡದಿದ್ದದ್ದು ಶಾಲೆ ಮತ್ತು ಆಡಳಿತದ ಲೋಪ ಎಂದಿತು. ಮರುವರ್ಷ ಸರ್ವೋಚ್ಚ ನ್ಯಾಯಾಲಯದಲ್ಲೂ ಆ ತೀರ್ಪು ಉಳಿಯಿತು. ಹೊಣೆ ದೊಡ್ಡವರದ್ದೇ. ಮಗು ಅಳೆಯಬಹುದು, ಕೇಳಬಹುದು, ಹೇಳಬಹುದು. ಮೋರಿ ಬಿಡಿಸುವುದು, ಕಾಲುಸಂಕದ ಜಾಗದಲ್ಲಿ ಸೇತುವೆ ಕಟ್ಟುವುದು, ಬಿರುಕು ಬಿಟ್ಟ ಗುಡ್ಡದ ಕೆಳಗಿನ ಕುಟುಂಬವನ್ನು ಸ್ಥಳಾಂತರಿಸುವುದು ಮಗುವಿನ ಕೆಲಸವಲ್ಲ.

ಅದಕ್ಕಾಗಿಯೇ ಮಕ್ಕಳ ಗ್ರಾಮ ಸಭೆಯನ್ನು ಬಿಡಬೇಡಿ ಎನ್ನುತ್ತೇನೆ. ಪ್ರತಿ ಪಂಚಾಯಿತಿ ವರ್ಷಕ್ಕೊಮ್ಮೆ ಅದನ್ನು ನಡೆಸಬೇಕು. ಅಲ್ಲಿ ಮಕ್ಕಳು ಆಟದ ಮೈದಾನ, ಶೌಚಾಲಯ, ಬಸ್ಸಿನ ಬಗ್ಗೆ ಕೇಳುತ್ತಾರೆ. ಜೊತೆಗೆ ತಮ್ಮ ನಕ್ಷೆಯನ್ನೂ ಮಳೆಯ ಪುಸ್ತಕವನ್ನೂ ಮೇಜಿನ ಮೇಲಿಡಲಿ. ಬೇಡಿಕೆ ಲಿಖಿತವಾಗಿರಲಿ, ಸ್ವೀಕೃತಿಯ ಮೊಹರು ಹಾಕಿಸಿಕೊಂಡು ಒಂದು ಪ್ರತಿಯನ್ನು ಶಾಲೆಯಲ್ಲಿ ಇಟ್ಟುಕೊಳ್ಳಿ. ಮುಂದಿನ ವರ್ಷದ ಸಭೆ ಶುರುವಾದಾಗ ಸ್ವಾಗತ ಗೀತೆಗಿಂತ ಮೊದಲು ಹಿಂದಿನ ಪತ್ರಕ್ಕೆ ಬಂದ ಉತ್ತರವನ್ನು ಮಕ್ಕಳಿಂದಲೇ ಓದಿಸಿ. ಉತ್ತರ ಬಂದಿರದಿದ್ದರೆ, ಬಂದಿಲ್ಲ ಎಂಬುದನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ, ಅಧ್ಯಕ್ಷರ ಸಹಿ ಹಾಕಿಸಿ.